ಅಕ್ಕಿ ಕೇಳಿದವರಿಗೆ ಬಾಂಬು

“ದೇಶ ಒಡೆಯಲು ಹೊರಟವರಿಗೆ ಗುಂಡೇ ಮದ್ದು.” ಈ ಮಾತು ಈಚೆಗೆ ನಮ್ಮವರ ಬಾಯಲ್ಲಿಯೇ ಹೆಚ್ಚಾಗಿ ಕೇಳಿಬರುತ್ತಿದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಾಲಿಕರು ಹೇಳಿದರೆ ಆಶ್ಚರ್ಯವಿಲ್ಲ. ಗಲಾಟೆ ಯಾವುದಾದರೂ ಅವರಿಗೆ ವ್ಯಾಪಾರದ ನಷ್ಟವೇ. ಆದರೆ ಹಗಲಿಡೀ ನಿಂತು ಸಪ್ಲೈ ಮಾಡುವ ಹುಡುಗ, ಬೋನಸ್ಸು ಕೇಳಿದ್ದಕ್ಕೆ ‘ಗೂಂಡಾ’ ಎನ್ನಿಸಿಕೊಂಡ ಗಿರಣಿಯ ಹಳೆಯ ಕಾಮಗಾರ, ಇವರೂ ಅದೇ ಮಾತು ಆಡಿದರೆ ಸುಮ್ಮನಿರಲಾಗದು. ಗುಂಡು ಹಾಕಿ ನೋಡಿದ್ದಾಯಿತಲ್ಲ, ಬಂಧುಗಳೇ! ಗುಂಡಷ್ಟೇ ಅಲ್ಲ, ಬಾಂಬು ಕೂಡ ಹಾಕಿ ನೋಡಿದ್ದಾಯಿತು. ಏನಾಯಿತೆಂಬ ಲೆಕ್ಕ ಮಿಜೋ ಗುಡ್ಡಗಳಲ್ಲಿ ಬರೆದಿಟ್ಟಿದೆ.

ಬಿದಿರು ಹೂ ಬಿಟ್ಟರೆ ಬರ ಬರುತ್ತದೆಂದು ನಮ್ಮ ಮಲೆನಾಡಿನ ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಮಿಜೋ ಜನರಿಗೆ ಇದು ಗಾದೆಯಲ್ಲ, ಕಂಡುಂಡ ಸತ್ಯ. ಸುಮಾರು 48 ವರ್ಷಕ್ಕೊಮ್ಮೆ ಅಲ್ಲಿನ ಬಿದಿರು ಕಾಡೆಲ್ಲ ಒಟ್ಟಿಗೇ ಹೂ ಬಿಟ್ಟು ಕಾಯಿ ಉದುರಿಸುತ್ತದೆ. ಅದನ್ನು ತಿಂದು ಇಲಿಗಳು ಲಕ್ಷಗಟ್ಟಲೆ ಹೆಚ್ಚುತ್ತವೆ. ಬಿದಿರಕಾಯಿ ಮುಗಿದ ರಾತ್ರಿಯೇ ಆ ದಂಡು ಹೊಲಕ್ಕೆ, ಕಣಜಕ್ಕೆ ನುಗ್ಗುತ್ತದೆ. ‘ಮೌತಾಮ್’ ಎಂದು ಅದಕ್ಕೆ ಅವರ ಹೆಸರು. 1862ರಲ್ಲಿ ಬಂದಿತ್ತು, 1911ರಲ್ಲಿ ಬಂದಿತ್ತು. ಮುಂದಿನದು 1959ರ ಸುಮಾರಿಗೆ ಬರಬೇಕೆಂದು ಬೆರಳು ಮಡಚಿ ಎಣಿಸಬಲ್ಲ ಯಾವ ಮುದುಕನಾದರೂ ಹೇಳುತ್ತಿದ್ದ.

ಹೇಳಿದರು ಕೂಡ. ಆಗ ಅದು ಅಸ್ಸಾಮಿನ ಒಂದು ಜಿಲ್ಲೆ. 1958ರ ಅಕ್ಟೋಬರಿನಲ್ಲಿ ಮಿಜೋ ಜಿಲ್ಲಾ ಪರಿಷತ್ತು ಠರಾವು ಮಾಡಿ, ಬರ ಬರಲಿದೆ, ಮುಂಜಾಗ್ರತೆಗೆ 15 ಲಕ್ಷ ರೂಪಾಯಿ ಕೊಡಿ ಎಂದು ಅಸ್ಸಾಂ ಸರಕಾರವನ್ನು ಕೇಳಿತು. ಸರಕಾರ ಕೊಡಲಿಲ್ಲ. ಬಿದಿರ ಹೂವಿಗೂ ಬರಕ್ಕೂ ಏನು ಸಂಬಂಧ, ಇದು ಗುಡ್ಡಗಾಡಿನವರ ಮೂಢನಂಬಿಕೆ ಎಂದು ತಳ್ಳಿಹಾಕಿತು. ಓದಿದವರ ಅಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಲಿಗಳು ಸರಕಾರದ ಅಭಿಪ್ರಾಯಕ್ಕೆ ಕಾಯದೆ ಹೇಳಿದ ಕಾಲಕ್ಕೆ ಬಂದವು. ಬೆಳೆ ನಾಶವಾಯಿತು; ಜನ ಕಾಡಿನ ಗೆಡ್ಡೆ ಅಗೆದು ತಿಂದರು.

ಆ ಹಸಿವಿನಲ್ಲಿ ಹಳ್ಳಿಹಳ್ಳಿಗೆ ಅಕ್ಕಿ ಹೊತ್ತವರು ಯಾರು? ಅಲ್ಲಿಯ ಹುಡುಗರೇ. 1960ರಲ್ಲಿ ‘ಮಿಜೋ ರಾಷ್ಟ್ರೀಯ ಕ್ಷಾಮ ರಂಗ’ ಎಂಬ ಸಂಘ ಕಟ್ಟಿಕೊಂಡು ಗುಡ್ಡ ಹತ್ತಿ ಇಳಿದು ಧಾನ್ಯ ಹಂಚಿದರು. ಅದರ ಮುಖಂಡ ಲಾಲ್ದೆಂಗಾ, ಹಿಂದೆ ಭಾರತದ ಸೈನ್ಯದಲ್ಲಿ ಹವಾಲ್ದಾರನಾಗಿದ್ದವನು, ಆಮೇಲೆ ಜಿಲ್ಲಾ ಪರಿಷತ್ತಿನಲ್ಲಿ ಲೆಕ್ಕ ಬರೆಯುತ್ತಿದ್ದವನು. ಅದೇ 1960ರಲ್ಲಿ ಅಸ್ಸಾಂ ಸರಕಾರ ಅಸ್ಸಾಮಿಯನ್ನು ರಾಜ್ಯದ ಆಡಳಿತ ಭಾಷೆ ಮಾಡಿ ಕಾಯಿದೆ ತಂದಿತು. ಹೊಟ್ಟೆಗೆ ಅಕ್ಕಿಯಿಲ್ಲ, ಬಾಯಿಗೆ ಬೇರೆಯವರ ಭಾಷೆ! 1961ರ ಅಕ್ಟೋಬರಿನಲ್ಲಿ ಆ ಸಂಘ ತನ್ನ ಹೆಸರಿನಿಂದ ‘ಕ್ಷಾಮ’ ಎಂಬ ಪದವನ್ನು ತೆಗೆದುಹಾಕಿ, ಸ್ವತಂತ್ರ ಮಿಜೋರಾಂ ಬೇಕೆನ್ನುವ ‘ಮಿಜೋ ರಾಷ್ಟ್ರೀಯ ರಂಗ’ವಾಯಿತು. ಆ ಒಂದು ಪದ ಅಲ್ಲೇ ಉಳಿಯುವಂತೆ ಮಾಡಲು ಬೇಕಾಗಿದ್ದದ್ದು 15 ಲಕ್ಷ ರೂಪಾಯಿ.

1966ರ ಫೆಬ್ರವರಿ 28ರ ರಾತ್ರಿ ಬಂಡಾಯವೆದ್ದಿತು. ಐಜಾಲಿನ ಖಜಾನೆ ಲೂಟಿಯಾಯಿತು, ಠಾಣೆಗಳ ಮೇಲೆ ದಾಳಿಯಾಯಿತು, ಮಾರ್ಚ್ 1ರಂದು ಸ್ವಾತಂತ್ರ್ಯದ ಘೋಷಣೆಯಾಯಿತು. ಬಂಡಾಯಗಾರರು ಸಾಧುಗಳೆಂದು ಯಾರೂ ಹೇಳುತ್ತಿಲ್ಲ. ಪೂರ್ವ ಪಾಕಿಸ್ತಾನದಲ್ಲಿ ಬಿಡಾರ ಹೂಡಿ ಅಲ್ಲಿಂದ ಬಂದೂಕು ತಂದರು. ಬಡ ಹಳ್ಳಿಗಳಿಂದ ತೆರಿಗೆ ಎಂದು ವಸೂಲಿ ಮಾಡಿದರು. 1975ರ ಜನವರಿಯಲ್ಲಿ ಐಜಾಲಿನ ಪೋಲೀಸ್ ಕಚೇರಿಯೊಳಕ್ಕೇ ಹೋಗಿ ಮೂವರು ಹಿರಿಯ ಅಧಿಕಾರಿಗಳನ್ನು ಕೊಂದರು. ದೇಶ ಒಡೆಯಬೇಕೆಂಬ ಪಕ್ಷ ನನ್ನದಲ್ಲ. ಮುಂಬಯಿಯಲ್ಲಿ ದುಡಿದು ಊರಿಗೆ ದುಡ್ಡು ಕಳಿಸುವ ನಮಗೆ ಒಡೆದ ದೇಶದಿಂದ ಲಾಭವೂ ಇಲ್ಲ.

ಆದರೆ ಸರಕಾರ ಮಾಡಿದ್ದೇನು? ಮಾರ್ಚ್ 5ರಂದು ಐಜಾಲಿನ ಮೇಲೆ ಭಾರತದ ಯುದ್ಧವಿಮಾನಗಳು ಬಂದವು. ಮೊದಲು ಮೆಷಿನ್ ಗನ್ನಿನ ಗುಂಡು, ಬಳಿಕ ಬೆಂಕಿ ಹಚ್ಚುವ ಬಾಂಬು. ಪೇಟೆ ಉರಿಯಿತು, ಜನ ಮಕ್ಕಳನ್ನೆತ್ತಿಕೊಂಡು ಕಾಡಿಗೆ ಓಡಿದರು. ಬೇರೆ ಊರುಗಳ ಮೇಲೂ ವಿಮಾನಗಳು ಹಾರಿದವು. ಶತ್ರುದೇಶದ ಊರಲ್ಲ ಅದು, ವೋಟು ಹಾಕುವ ಜನರಿದ್ದ ನಮ್ಮದೇ ಜಿಲ್ಲೆಯ ಮುಖ್ಯಪಟ್ಟಣ. ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ವಿಮಾನಗಳು ಹೋದದ್ದು ಸೈನಿಕರನ್ನೂ ಸಾಮಾನನ್ನೂ ಇಳಿಸಲಿಕ್ಕೆ ಎಂದು ದಿಲ್ಲಿಯಿಂದ ಹೇಳಿಕೆ ಬಂತು. ಸಾಮಾನು ಇಳಿಸಿದರೆ ಮನೆ ಸುಡುತ್ತದೆಯೇ? 57 ವರ್ಷ ಕಳೆದ ಮೇಲೆ, 2023ರ ಆಗಸ್ಟ್ 10ರಂದು, ಈಗಿನ ಪ್ರಧಾನಿ ಲೋಕಸಭೆಯಲ್ಲಿ ಈ ಬಾಂಬಿನ ಮಾತೆತ್ತಿ ಕಾಂಗ್ರೆಸನ್ನು ಹಳಿದರು. ಹಳಿಯಲಿ, ತಪ್ಪಲ್ಲ. ಆದರೆ ಅಂದಿನ ಚರ್ಚೆ ನಡೆದದ್ದು ಅವರದೇ ಸರಕಾರದ ಮೇಲಿನ ಅವಿಶ್ವಾಸ ಠರಾವಿನ ಮೇಲೆ, ಆ ಠರಾವು ಬಂದದ್ದು ಮಣಿಪುರ ಉರಿಯುತ್ತಿದ್ದುದಕ್ಕೆ. ಒಬ್ಬರು ಹಚ್ಚಿದ ಬೆಂಕಿಯನ್ನು ತೋರಿಸಿ ಇನ್ನೊಬ್ಬರು ತಮ್ಮ ಕಾಲಬುಡದ ಬೆಂಕಿ ಮರೆಸುವುದು ಎಲ್ಲ ಪಕ್ಷದವರಿಗೂ ಬರುವ ವಿದ್ಯೆ.

ಬಾಂಬಿಗಿಂತ ದೊಡ್ಡ ಅನ್ಯಾಯ ಆಮೇಲೆ ನಡೆಯಿತು. 1967ರ ಆರಂಭದಿಂದ ಸೈನ್ಯ ಹಳ್ಳಿಗಳನ್ನೇ ಕಿತ್ತು ರಸ್ತೆಯ ಬದಿಗೆ ತಂದು ಗುಂಪು ಹಾಕಿತು. ಮಲಯದಲ್ಲಿ ಬ್ರಿಟಿಷರು ಮಾಡಿದ್ದರ ಪಡಿಯಚ್ಚು. 764 ಹಳ್ಳಿಗಳಲ್ಲಿ 516ನ್ನು ಖಾಲಿ ಮಾಡಿಸಿ 110 ಶಿಬಿರಗಳಲ್ಲಿ ತುರುಕಿದರು. ಜನಸಂಖ್ಯೆಯ ನೂರಕ್ಕೆ ಸುಮಾರು 80 ಪಾಲು. ಹೆಸರು ಮಾತ್ರ ಚೆಂದ: ‘ಸಂರಕ್ಷಿತ ಮತ್ತು ಪ್ರಗತಿಪರ ಗ್ರಾಮ’! ಬೇಲಿಯೊಳಗೆ ವಾಸ, ಹೊರಗೆ ಹೋಗಲು ಪಾಸು, ಕತ್ತಲಾದರೆ ಕರ್ಫ್ಯೂ. ಗುಡ್ಡ ಕಡಿದು ಸುಟ್ಟು ಬಿತ್ತುವ ಬೇಸಾಯದವನಿಗೆ ಹೊಲ ಎಲ್ಲೋ, ಶಿಬಿರ ಎಲ್ಲೋ. ಬಿತ್ತಲು ಹೋಗಲಾರದವನು ಸರಕಾರದ ಅಕ್ಕಿಗೆ ಸಾಲು ನಿಲ್ಲಬೇಕು. ಯಾವ ಅಕ್ಕಿಯನ್ನು 1958ರಲ್ಲಿ ಮರ್ಯಾದೆಯಿಂದ ಕೇಳಿದ್ದರೋ ಅದೇ ಅಕ್ಕಿ, ಈಗ ಬಂದೂಕಿನ ಕಾವಲಲ್ಲಿ. ಆ ಸೀಮೆಯಲ್ಲಿ ಆಡಳಿತಾಧಿಕಾರಿಯಾಗಿದ್ದ ವಿಜೇಂದ್ರ ಸಿಂಗ್ ಜಾಫಾ ಎಂಬವರು ದಾರ್ಜೋ ಎಂಬ ಹಳ್ಳಿಯ ಸಂಗತಿ ಬರೆದಿಟ್ಟಿದ್ದಾರೆ. ಊರನ್ನು ಸುಟ್ಟದ್ದು ಸೈನ್ಯ. ಬಂಡಾಯಗಾರರ ಕಾಟ ತಾಳದೆ ನಾವೇ ರಕ್ಷಣೆ ಕೇಳಿದೆವು, ನಮ್ಮ ಮನೆಗೆ ನಾವೇ ಬೆಂಕಿ ಇಟ್ಟೆವು ಎಂದು ಕಾಗದಕ್ಕೆ ಸಹಿ ಹಾಕಬೇಕಾದವರು ಊರಿನ ಹಿರಿಯರು. ‘ಸ್ವಖುಷಿಯಿಂದ ರಾಜೀನಾಮೆ’ ಎಂದು ಬರೆಸಿಕೊಂಡು ಗೇಟಿನ ಹೊರಗೆ ನೂಕಿಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಅವರಿಗೆ ಆ ಕಾಗದದ ವಿಚಾರ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿ ಬಂಡಾಯ ಅಡಗಿತೇ? ಇಪ್ಪತ್ತು ವರ್ಷ ನಡೆಯಿತು. ನಿಂತದ್ದು ಗುಂಡಿನಿಂದಲ್ಲ, ಮೇಜಿನ ಮುಂದೆ ಕೂತು ಮಾತಾಡಿದ್ದರಿಂದ. 1986ರ ಜೂನ್ 30ರಂದು ದಿಲ್ಲಿಯಲ್ಲಿ ಒಪ್ಪಂದವಾಯಿತು. ಸರಕಾರದ ಪರವಾಗಿ ಸಹಿ ಹಾಕಿದ ಗೃಹ ಕಾರ್ಯದರ್ಶಿ ಆರ್. ಡಿ. ಪ್ರಧಾನರು ನಿವೃತ್ತರಾಗುವ ದಿನವೇ ಅದು. ನಿನ್ನೆಯವರೆಗೆ ದೇಶದ್ರೋಹಿಯಾಗಿದ್ದ ಲಾಲ್ದೆಂಗಾ ಆಗಸ್ಟಿನಲ್ಲಿ ಮುಖ್ಯಮಂತ್ರಿಯಾದ. 1987ರ ಫೆಬ್ರವರಿ 20ರಂದು ಮಿಜೋರಾಂ ರಾಜ್ಯವಾಯಿತು. ಬಂದೂಕು ಹಿಡಿದವರು ಚುನಾವಣೆಗೆ ನಿಂತರು, ಗೆದ್ದರು, ಸೋತರು, ಸೋತಾಗ ಕುರ್ಚಿ ಬಿಟ್ಟು ಎದ್ದರು. 2007ರ ಸುಮಾರಿಗೆ ಬಿದಿರು ಮತ್ತೆ ಹೂ ಬಿಟ್ಟಿತು, ಇಲಿಗಳೂ ಬಂದವು, ಬೆಳೆಯೂ ಹೋಯಿತು. ಆದರೆ ಸರಕಾರ ಈ ಸಲ ಮೊದಲೇ ಯೋಜನೆ ಮಾಡಿ ಹಣ ತೆಗೆದಿರಿಸಿತ್ತು. ಬಂಡಾಯ ಏಳಲಿಲ್ಲ. ಗುಂಡೇ ಮದ್ದು ಎನ್ನುವವರು ಈ ಒಂದಕ್ಕೆ ಉತ್ತರ ಕೊಡಲಿ.

ಮುಂಬಯಿಯ ನಮಗೆ ಇದು ಹೊಸ ಪಾಠವೂ ಅಲ್ಲ. ಸಂಯುಕ್ತ ಮಹಾರಾಷ್ಟ್ರದ ಚಳವಳಿಯಲ್ಲಿ ನೂರಕ್ಕೂ ಮಿಕ್ಕಿ ಜನ ಪೋಲೀಸರ ಗುಂಡಿಗೆ ಸತ್ತರು, ಅವರಲ್ಲಿ ಗಿರಣಿ ಕಾಮಗಾರರಿದ್ದರು. ಕೊನೆಗೆ 1960ರಲ್ಲಿ ರಾಜ್ಯ ಕೊಡಲೇಬೇಕಾಯಿತು. ಬಯಲಿನವರು ಕೇಳಿದರೆ ಚಳವಳಿ, ಗುಡ್ಡದವರು ಕೇಳಿದರೆ ದ್ರೋಹ!

ಇನ್ನು ಆ ಗುಂಡಿಗೆ ರಕ್ಷಣೆ ಕೊಡುವ ಕಾಯಿದೆಯ ವಿಚಾರ. 1942ರ ಆಗಸ್ಟ್ 15ರಂದು, ‘ಭಾರತ ಬಿಟ್ಟು ತೊಲಗಿ’ ಚಳವಳಿಯನ್ನು ಹೊಸಕಲು ವೈಸರಾಯ್ ಲಿನ್‌ಲಿತ್‌ಗೋ ಹೊರಡಿಸಿದ ಸುಗ್ರೀವಾಜ್ಞೆಯೇ ಇದರ ಮೂಲ. ಅದನ್ನು 1958ರಲ್ಲಿ, ನಾಗಾ ಬಂಡಾಯದ ಹೆಸರಿನಲ್ಲಿ, ನಮ್ಮದೇ ಸಂಸತ್ತು ‘ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆ’ ಎಂದು ಮಾಡಿತು. ಸಾಯುವಂತೆ ಗುಂಡು ಹಾರಿಸುವ ಅಧಿಕಾರ ಅದರಲ್ಲಿದೆ. ಹಾರಿಸಿದವನನ್ನು ಕೋರ್ಟಿಗೆಳೆಯಲು ಕೇಂದ್ರ ಸರಕಾರದ ಪರವಾನಿಗೆ ಬೇಕು. ನಾಗಾಲ್ಯಾಂಡ್, ಮಣಿಪುರಗಳ ಎಷ್ಟೋ ಭಾಗಗಳಲ್ಲಿ ಅದು ಇಂದಿಗೂ ಜಾರಿಯಲ್ಲಿದೆ.

2021ರ ಡಿಸೆಂಬರ್ 4, ಶನಿವಾರ. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಓಟಿಂಗ್ ಎಂಬ ಹಳ್ಳಿಯ ಕಲ್ಲಿದ್ದಲ ಗಣಿಯ ಕೂಲಿಗಳು ವಾರದ ದುಡಿಮೆ ಮುಗಿಸಿ ಪಿಕಪ್ ಗಾಡಿಯಲ್ಲಿ ಮನೆಗೆ ಹೊರಟಿದ್ದರು. ಬಂಡಾಯಗಾರರೆಂದು ಹೊಂಚು ಹಾಕಿದ್ದ ಸೈನಿಕರು ಗಾಡಿಯ ಮೇಲೆ ಗುಂಡಿನ ಮಳೆ ಸುರಿದರು. ಆರು ಮಂದಿ ಸತ್ತರು. ಅನಂತರದ ಗಲಭೆ, ಗೋಲಿಬಾರುಗಳೂ ಸೇರಿ ಮರುದಿನದ ಹೊತ್ತಿಗೆ ಸತ್ತ ನಾಗರಿಕರು 14, ಒಬ್ಬ ಸೈನಿಕನೂ ಸತ್ತ. ನಿಲ್ಲಿಸೆಂದರೂ ಗಾಡಿ ನಿಲ್ಲಲಿಲ್ಲ ಎಂದು ಗೃಹಮಂತ್ರಿ ಸಂಸತ್ತಿಗೆ ಹೇಳಿದರು; ಬದುಕುಳಿದವನು ಹಾಗೆ ಹೇಳಲಿಲ್ಲ. ನಾಗಾಲ್ಯಾಂಡಿನ ಪೋಲೀಸರೇ ತನಿಖೆ ಮಾಡಿ 30 ಸೈನಿಕರ ಮೇಲೆ ಆರೋಪಪಟ್ಟಿ ಹಾಕಿದರು. 2023ರಲ್ಲಿ ಕೇಂದ್ರ ಸರಕಾರ ಪರವಾನಿಗೆ ಇಲ್ಲವೆಂದಿತು. ಪರವಾನಿಗೆ ಇಲ್ಲದ್ದರಿಂದ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮೊಕದ್ದಮೆ ಮುಗಿಸಿತು.

ಸತ್ತವರು ಕೂಲಿಗಳು, ಬಂಧುಗಳೇ. ಅವರ ಸೀಮೆಯ ಹುಡುಗರು ಇವತ್ತು ಮುಂಬಯಿ, ಪುಣೆ, ಬೆಂಗಳೂರುಗಳ ಹೋಟೆಲುಗಳಲ್ಲಿ ನಮ್ಮ ಮಗ್ಗುಲಲ್ಲೇ ನಿಂತು ದುಡಿಯುತ್ತಾರೆ. 2012ರ ಆಗಸ್ಟಿನಲ್ಲಿ ಬರೀ ಗಾಳಿಸುದ್ದಿಗೆ ಹೆದರಿ ಅವರು ಸಾವಿರಗಟ್ಟಲೆ ಬೆಂಗಳೂರು ಬಿಟ್ಟು ರೈಲು ಹತ್ತಿದರು. 1966ರ ಬಳಿಕ ಈ ನಗರದಲ್ಲಿ ‘ಮದ್ರಾಸಿ’ಗಳೆಂದು ನಮ್ಮ ಹೋಟೆಲುಗಳಿಗೆ ಕಲ್ಲು ಬಿದ್ದ ಕಾಲವನ್ನು ಕಂಡ ಹಿರಿಯರಿಗೆ ಆ ಹೆದರಿಕೆ ಎಂಥದೆಂದು ಗೊತ್ತು.

ಸಂಘದ ಮುಂದಿನ ಸಾಧಾರಣ ಸಭೆಯಲ್ಲಿ ಒಂದು ಠರಾವು ಮಂಡಿಸುವವನಿದ್ದೇನೆ: 1958ರ ಆ ಕಾಯಿದೆಯನ್ನು ರದ್ದು ಮಾಡಬೇಕು, ಓಟಿಂಗಿನ ಕೂಲಿಗಳ ಕೊಲೆಯ ವಿಚಾರಣೆಗೆ ಪರವಾನಿಗೆ ಕೊಡಬೇಕು. ಇದು ರಾಜಕೀಯ, ನಮಗೇಕೆ ಎನ್ನುವವರು ಸಭೆಗೆ ಬಂದು ಎದುರಿಗೇ ಹೇಳಲಿ. ಅನುಮೋದಿಸುವವರು ಕಾರ್ಯದರ್ಶಿಗಳಲ್ಲಿ ಮುಂಚಿತವಾಗಿ ಹೆಸರು ಕೊಟ್ಟಿರಲಿ.