ಮೀನಿಗಿಂತ ಮೊದಲು ನೀರು

ಎರಡು ತಿಂಗಳ ಹಿಂದೆ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಮನೆಗೆ ಅಕ್ವೇರಿಯಂ ತಂದೆವು. ಅಂಗಡಿಯಾತ ಗಾಜಿನ ತೊಟ್ಟಿ, ಫಿಲ್ಟರು, ಬಣ್ಣದ ಕಲ್ಲುಗಳ ಜೊತೆಗೆ ಆರು ಗೋಲ್ಡ್‌ಫಿಶ್‌ಗಳನ್ನೂ ಅಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ. ಸಂಜೆಯೇ ನಲ್ಲಿಯ ನೀರು ತುಂಬಿಸಿ ಮೀನುಗಳನ್ನು ಬಿಟ್ಟೆವು. ಐದನೆಯ ದಿನ ಅವು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಎಂಟನೆಯ ದಿನ ಒಂದೂ ಉಳಿದಿರಲಿಲ್ಲ. ನೀರು ಮಾತ್ರ ತಿಳಿಯಾಗಿಯೇ ಇತ್ತು.

"ಹೊಸ ತೊಟ್ಟಿಯಲ್ಲಿ ಮೊದಲ ಮೀನು ಸಾಯೋದು ಮಾಮೂಲು ಸಾರ್, ಬೇರೆ ಆರು ತಗೊಂಡ್ಹೋಗಿ" ಎಂದ ಅಂಗಡಿಯಾತ. ಈ 'ಮಾಮೂಲು' ಎಂಬ ಮಾತಿನೊಡನೆಯೇ ನನ್ನ ಜಗಳ.

ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ಹೊರಬಿಡುತ್ತಿರುತ್ತದೆ. ಮಲ ಮತ್ತು ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಹಳೆಯ ತೊಟ್ಟಿಯಲ್ಲಿ ಕೆಲವು ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನು ಕೆಲವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲಿನ ಎರಡೂ ವಿಷ. ಕೊನೆಯದು ಅಷ್ಟು ಅಪಾಯಕರವಲ್ಲ, ಆಗಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಗಳು ಹೊಸ ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟರೊಳಗೆ ಬಿಟ್ಟ ಮೀನು ತನ್ನದೇ ವಿಷದಲ್ಲಿ ಈಜುತ್ತದೆ. ಸಾಲದ್ದಕ್ಕೆ ನಲ್ಲಿ ನೀರಿನ ಕ್ಲೋರಿನ್ ಬೇರೆ.

ನನ್ನ ವಿದ್ಯಾರ್ಥಿಗಳು ಇದನ್ನೋದಿ ನಗುತ್ತಿರಬಹುದು. ಸಾರಜನಕದ ಚಕ್ರವನ್ನು ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದವನು, ಬಾಣದ ದಿಕ್ಕು ತಪ್ಪಿದರೆ ನಿಮ್ಮ ಅಂಕ ಕಳೆದವನು ನಾನೇ ಅಲ್ಲವೇ? ಆ ಚಕ್ರ ನನ್ನ ಮನೆಯ ಮೇಜಿನ ಮೇಲೆ ಎದುರಾದಾಗ ಗುರುತು ಹಿಡಿಯದೇ ಹೋದೆ. ತಪ್ಪಿನಲ್ಲಿ ಅರ್ಧ ಅಂಗಡಿಯಾತನದಾದರೆ ಉಳಿದರ್ಧ ನನ್ನದು.

"ಗಟ್ಟಿ ಜಾತಿಯ ಮೀನನ್ನು ಮೊದಲು ಬಿಡಿ, ಅದು ನೀರನ್ನು ಹದಗೊಳಿಸುತ್ತದೆ" ಎಂದು ಬಲ್ಲವರೇ ಹೇಳುವುದುಂಟು. ಆ ಮೀನು ಬದುಕಿದರೂ ಕಿವಿರು ಸುಟ್ಟುಕೊಂಡೇ ಬದುಕುತ್ತದೆ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕಿದರೆ ಅದು ಕೊಳೆತು ಅಮೋನಿಯವಾಗಿ ಬ್ಯಾಕ್ಟೀರಿಯಗಳನ್ನು ಸಾಕುತ್ತದೆ. ಚಿಟಿಕೆ ಆಹಾರದಿಂದ ಆಗುವ ಕೆಲಸಕ್ಕೆ ಜೀವವನ್ನೇಕೆ ಒಡ್ಡಬೇಕು?

"ಇಷ್ಟು ಅಗ್ಗದ ಮೀನಿಗೆ ಇಷ್ಟೊಂದು ರಾದ್ಧಾಂತವೇ?" ಎಂಬವರೂ ಇದ್ದಾರೆ. ಚೆನ್ನಾಗಿ ಸಾಕಿದರೆ ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಬೆಲೆ ಅಗ್ಗವಾದ ಮಾತ್ರಕ್ಕೆ ಸಾವೂ ಅಗ್ಗವಾಗುವುದೇ? ಸತ್ತದ್ದನ್ನು ಎಸೆದು ಸಂಜೆಯೇ ಹೊಸದನ್ನು ತಂದು ಬಿಟ್ಟರೆ ಮಗು ಕಲಿಯುವ ಪಾಠವಾದರೂ ಯಾವುದು?

ಆದುದರಿಂದ ತೊಟ್ಟಿ ಕೊಂಡ ದಿನ ಮೀನು ಕೊಳ್ಳಬೇಡಿ. ಕ್ಲೋರಿನ್ ತೆಗೆದ ನೀರು ತುಂಬಿಸಿ ಫಿಲ್ಟರನ್ನು ಹಗಲಿರುಳೂ ಓಡಿಸಿ. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡ ಮೇಲೆ ಎರಡೋ ಮೂರೋ ಪುಟ್ಟ ಮೀನುಗಳಿಂದ ಆರಂಭಿಸಿ. ಆರು ಗೋಲ್ಡ್‌ಫಿಶ್‌ಗಳಿಗೆ ನಮ್ಮಂತಹ ಸಣ್ಣ ತೊಟ್ಟಿ ಎಂದಿಗೂ ಸಾಲದು.

ನಮ್ಮ ತೊಟ್ಟಿಗೆ ಈಗ ಐದನೆಯ ವಾರ. ಮೊಮ್ಮಗಳು ಪರೀಕ್ಷೆಯ ಬಣ್ಣವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾಳೆ. "ಮೀನೆಲ್ಲಿ ಪುಟ್ಟೀ?" ಎಂದು ನೆಂಟರು ಕೇಳಿದರೆ, "ನೀರು ಇನ್ನೂ ರೆಡಿ ಆಗಿಲ್ಲ" ಎನ್ನುತ್ತಾಳೆ. ಅಂಕ ಕೊಡುವ ಅಧಿಕಾರ ಇನ್ನೂ ನನಗಿದ್ದರೆ ಆ ಉತ್ತರಕ್ಕೆ ಪೂರ್ಣಾಂಕ ಕೊಡುತ್ತಿದ್ದೆ.