ಒಂದೇ ಹೆಸರು, ಒಂದೇ ಕುಲವಲ್ಲ

ಇಟಲಿಯ ನೇಪಲ್ಸ್ ನಗರದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಅಡ್ಡಹೆಸರು ಎಸ್ಪೊಸಿಟೊ. ಇಡೀ ಇಟಲಿಯ ಪಟ್ಟಿ ತೆಗೆದರೂ ಅದು ಮೊದಲ ಐದರೊಳಗೆ ಬರುತ್ತದೆ. ಸಮುದ್ರ ದಾಟಿ ನ್ಯೂಯಾರ್ಕ್, ನ್ಯೂಜೆರ್ಸಿ, ಬ್ಯೂನಸ್ ಐರಿಸ್‌ಗಳಿಗೆ ಹೋದರೆ ಅಲ್ಲೂ ಎಸ್ಪೊಸಿಟೊಗಳಿದ್ದಾರೆ. ಟಿವಿ ಸರಣಿಗಳನ್ನು ನೋಡುವ ನಮ್ಮ ಓದುಗರಿಗೂ ಈ ಹೆಸರು ಹೊಸದಲ್ಲ. 'ಬ್ರೇಕಿಂಗ್ ಬ್ಯಾಡ್'ನಲ್ಲಿ ಕೋಳಿ ಹೋಟೆಲಿನ ಮಾಲೀಕನ ವೇಷದಲ್ಲಿ ನಡುಕ ಹುಟ್ಟಿಸಿದ ನಟ ಜಿಯಾನ್‌ಕಾರ್ಲೊ ಎಸ್ಪೊಸಿಟೊ. ಇಷ್ಟು ಜನ ಒಂದೇ ಹೆಸರು ಹೊತ್ತಿದ್ದಾರೆಂದರೆ ಹಿಂದೆ ಎಲ್ಲೋ ಒಬ್ಬ ಮೂಲಪುರುಷ, ಒಂದು ದೊಡ್ಡ ವಂಶ ಇದ್ದಿರಬೇಕು ಎಂದು ಯಾರಿಗಾದರೂ ತೋರುತ್ತದೆ. ಆದರೆ ಜಾಡು ಹಿಡಿದು ಹೋದವರಿಗೆ ಕೊನೆಯಲ್ಲಿ ಸಿಗುವುದು ನೇಪಲ್ಸಿನ ಹಳೆಯ ಕಟ್ಟಡವೊಂದರ ಗೋಡೆಯಲ್ಲಿರುವ ಕಿಂಡಿ.

ಆ ಕಟ್ಟಡದ ಹೆಸರು ಸಾಂತಿಸ್ಸಿಮಾ ಅನ್ನುನ್‌ಜಿಯಾಟಾ. 14ನೆಯ ಶತಮಾನದಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಚರ್ಚು, ಆಸ್ಪತ್ರೆ, ಅನಾಥಾಲಯ ಎಲ್ಲವೂ ಕೂಡಿದ್ದವು. ಬೀದಿಗೆ ಮುಖಮಾಡಿದ ಗೋಡೆಯಲ್ಲಿ ಒಂದು ತೆರಪು. ಅದರ ಹಿಂದೆ ತಿರುಗುವ ಮರದ ಪೀಪಾಯಿ. ಸಾಕಲಾಗದ ಕೂಸನ್ನು ತಂದವರು ಅದರೊಳಗೆ ಮಲಗಿಸಿ, ಗಂಟೆ ಬಾರಿಸಿ, ಕತ್ತಲಲ್ಲಿ ಹೊರಟುಹೋಗುತ್ತಿದ್ದರು. ಒಳಗಿದ್ದವರು ಪೀಪಾಯಿಯನ್ನು ತಿರುಗಿಸಿ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಬಿಟ್ಟವರ ಮುಖ ಎತ್ತಿಕೊಂಡವರಿಗೆ ಕಾಣದಂತೆ ಮಾಡುವುದೇ ಈ ಏರ್ಪಾಟಿನ ಉದ್ದೇಶ. ಆಮೇಲೆ ದೊಡ್ಡ ಪುಸ್ತಕದಲ್ಲಿ ದಾಖಲೆ: ದಿನ, ಹೊತ್ತು, ಅಂದಾಜು ವಯಸ್ಸು, ಮೈಮೇಲಿದ್ದ ಬಟ್ಟೆ, ಜೊತೆಯಲ್ಲಿದ್ದ ಗುರುತು. ಕುತ್ತಿಗೆಗೆ ಸೀಸದ ಒಂದು ಬಿಲ್ಲೆ ಕಟ್ಟುತ್ತಿದ್ದರು. ಊರಿನವರು ಈ ಮಕ್ಕಳನ್ನು ಮಡೋನ್ನಾಳ ಮಕ್ಕಳು, ಅಂದರೆ ಮೇರಿಮಾತೆಯ ಮಕ್ಕಳು ಎಂದು ಕರೆಯುತ್ತಿದ್ದರು. ಅನಾಥ ಎನ್ನುವುದಕ್ಕಿಂತ ಅದು ಮರ್ಯಾದೆಯ ಮಾತು.

ದಾಖಲೆಗೆ ಮಾತ್ರ ಬೇರೆ ಹೆಸರು ಬೇಕಾಗಿತ್ತು. ಕ್ಯಾಥೊಲಿಕ್ ಚರ್ಚು 1563ರಲ್ಲಿ, ಟ್ರೆಂಟ್ ಮಹಾಸಭೆಯ ಕೊನೆಯ ವರ್ಷದಲ್ಲಿ, ಮದುವೆಗಳ ಲೆಕ್ಕ ಬರೆದಿಡುವುದನ್ನು ಪ್ರತಿ ಪಾದ್ರಿಗೂ ಕಡ್ಡಾಯ ಮಾಡಿತ್ತು. ದೀಕ್ಷಾಸ್ನಾನದ ಪುಸ್ತಕಗಳೂ ಅದರೊಂದಿಗೆ ಎಲ್ಲೆಡೆ ನೆಲೆಯೂರಿದವು. ಬರೆಯುವ ಪದ್ಧತಿ ಬಂದ ಮೇಲೆ ಅಡ್ಡಹೆಸರಿಲ್ಲದವರಿಗೆ ಜಾಗವಿಲ್ಲ. ಅಪ್ಪ ಯಾರೆಂದು ತಿಳಿಯದ ಕೂಸಿಗೆ ಏನು ಬರೆಯುವುದು? ಗುಮಾಸ್ತರು ಇದ್ದದ್ದನ್ನೇ ಬರೆದರು. ಲ್ಯಾಟಿನ್‌ನಲ್ಲಿ ಹೊರಗೆ ಇಡಲ್ಪಟ್ಟದ್ದಕ್ಕೆ 'ಎಕ್ಸ್‌ಪೊಸಿಟುಸ್' ಎನ್ನುತ್ತಾರೆ. ಅದು ನೇಪಲ್ಸಿನ ಪುಸ್ತಕದಲ್ಲಿ ಎಸ್ಪೊಸಿಟೊ ಆಯಿತು.

ಬಿಟ್ಟುಹೋದವರೆಲ್ಲ ಮದುವೆಯಾಗದ ತಾಯಂದಿರು ಎಂದು ತಿಳಿಯಬೇಕಿಲ್ಲ. ಬರಗಾಲ, ರೋಗ, ಬಾಣಂತಿಯ ಸಾವು, ಮನೆತುಂಬ ಮಕ್ಕಳು ಇವೆಲ್ಲ ಗಂಡಹೆಂಡಿರನ್ನೂ ಆ ಕಿಂಡಿಯ ಮುಂದೆ ತಂದು ನಿಲ್ಲಿಸಿದವು. ಎಷ್ಟೋ ಕೂಸುಗಳ ಜೊತೆ ಅರ್ಧ ಕತ್ತರಿಸಿದ ಪದಕ, ಹರಿದ ಚಿತ್ರಪಟದ ಒಂದು ತುಂಡು ಸಿಗುತ್ತಿತ್ತು. ಉಳಿದರ್ಧ ಹೆತ್ತವರ ಬಳಿ. ಕಾಲ ಸುಧಾರಿಸಿದರೆ ಬಂದು, ಎರಡು ತುಂಡು ಜೋಡಿಸಿ ತೋರಿಸಿ, ಮಗುವನ್ನು ವಾಪಸು ಪಡೆಯುವ ಆಸೆ ಅದು. ಆಸೆ ಕೈಗೂಡಿದ್ದು ಕಡಿಮೆ. ಎದೆಹಾಲಿಗೆ ದಾದಿಯರು ಸಾಲದೆ, ಇಕ್ಕಟ್ಟಿನಲ್ಲಿ ರೋಗ ಹಬ್ಬಿ, ಇಂಥ ಮನೆಗಳಲ್ಲಿ ಮೊದಲ ವರ್ಷ ದಾಟದೆ ಸತ್ತ ಮಕ್ಕಳು ಯುರೋಪಿನುದ್ದಕ್ಕೂ ಬಹಳ. ಬದುಕಿ, ಬೆಳೆದು, ಮದುವೆಯಾಗಿ, ಗಂಡುಮಕ್ಕಳ ಮೂಲಕ ಹೆಸರನ್ನು ಮುಂದಕ್ಕೆ ಸಾಗಿಸಿದವರು ಬಂದವರಲ್ಲಿ ಒಂದು ಪಾಲು ಮಾತ್ರ. ಹೆಣ್ಣು ಎಸ್ಪೊಸಿಟೊ ಹೆತ್ತ ಮಕ್ಕಳಿಗೆ ಗಂಡನ ಹೆಸರೇ ಹೋಗುತ್ತಿತ್ತು. ಅಷ್ಟಾದರೂ ಇಂದು ಈ ಹೆಸರು ಇಷ್ಟು ವ್ಯಾಪಕವಾಗಿದೆಯೆಂದರೆ ಆ ಪೀಪಾಯಿ ಎಷ್ಟು ಸಲ ತಿರುಗಿರಬಹುದೆಂದು ಓದುಗರೇ ಊಹಿಸಲಿ. ಅದನ್ನು ಮುಚ್ಚಿದ್ದು 1875ರಲ್ಲಿ.

ಇದು ನೇಪಲ್ಸ್ ಒಂದರ ಕತೆಯಲ್ಲ. ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿ ಎಂಬ ಮಹಾನ್ ವಾಸ್ತುಶಿಲ್ಪಿ 1419ರಲ್ಲಿ ಕಟ್ಟಲು ತೊಡಗಿದ ಇನ್ನೊಚೆಂಟಿ ಅನಾಥಾಲಯ 1445ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಬೆಳೆದವರ ಸಂತತಿಯಲ್ಲಿ ಇನ್ನೊಚೆಂಟಿ, ನೊಚೆಂಟಿನಿ ಎಂಬ ಹೆಸರುಗಳಿವೆ. ರೋಮಿನ ಕಡೆ ಪ್ರೊಯೆಟ್ಟಿ. ಎಸೆಯಲ್ಪಟ್ಟವರು ಎಂಬ ಅದರ ಅರ್ಥ ಎಸ್ಪೊಸಿಟೊಗಿಂತಲೂ ಕಟು. ಬೊಲೊನ್ಯಾ ಕಡೆಯವರು ದೆಲ್ಯಿ ಎಸ್ಪೊಸ್ತಿ. ಮಿಲಾನಿನ ದೊಡ್ಡ ಆಸ್ಪತ್ರೆಯ ಲಾಂಛನ ಪಾರಿವಾಳ, ಇಟಾಲಿಯನ್‌ನಲ್ಲಿ ಕೊಲೊಂಬಾ. ಹಾಗಾಗಿ ಅಲ್ಲಿಗೆ ಬಂದ ಮಕ್ಕಳು ಕೊಲೊಂಬೊ ಆದರು. ಹಾಗೆಂದು ಕೊಲೊಂಬೊ ಹೆಸರಿನವರೆಲ್ಲ ಅನಾಥಾಲಯದಿಂದ ಬಂದವರಲ್ಲ. ನಾವು ಕೊಲಂಬಸ್ ಎನ್ನುವ ಜಿನೋವಾದ ನಾವಿಕನಿಗೆ ಅವನ ಊರಿನಲ್ಲಿದ್ದ ಅಡ್ಡಹೆಸರೂ ಕೊಲೊಂಬೊ. ಅವನ ಅಪ್ಪ ನೇಕಾರ, ಮನೆಮಠ ಇದ್ದವನು. ಒಂದೇ ಹೆಸರು ಹಲವು ದಾರಿಗಳಲ್ಲಿ ಹುಟ್ಟಬಹುದೆಂಬುದನ್ನು ಇಲ್ಲಿಯೇ ಗಮನಿಸಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಎಸ್ಪೊಸಿಟೊ ಎಂಬ ಹೆಸರು ಹಣೆಯ ಮೇಲೆ ಬರೆದ ಹಾಗೆ. ಹೇಳಿದೊಡನೆ ಎದುರಿನವರಿಗೆ ಹುಟ್ಟು ತಿಳಿಯುತ್ತಿತ್ತು. ನೆಪೋಲಿಯನ್ನನ ತಂಗಿಯ ಗಂಡ ಜೋಕಿಮ್ ಮುರಾ ನೇಪಲ್ಸಿನ ದೊರೆಯಾಗಿದ್ದಾಗ, 1814ರಲ್ಲಿ, ಇನ್ನು ಮುಂದೆ ಯಾವ ಮಗುವಿಗೂ ಈ ಹೆಸರು ಕೊಡಬಾರದೆಂದು ಆಜ್ಞೆ ಹೊರಡಿಸಿದ. ಅಂದಿನಿಂದ ಬಂದ ಕೂಸುಗಳಿಗೆ ಗುಮಾಸ್ತರು ಬಾಯಿಗೆ ಬಂದ ಹೊಸ ಹೊಸ ಹೆಸರು ಕಟ್ಟತೊಡಗಿದರು. ಇದರಿಂದಾದ ಪರಿಣಾಮ ಸ್ವಾರಸ್ಯದ್ದು. 1814ರ ನಂತರ ಬಂದ ಮಕ್ಕಳ ವಂಶಸ್ಥರು ಇಂದು ಜನಸಾಗರದಲ್ಲಿ ಗುರುತೇ ಸಿಗದಂತೆ ಕರಗಿಹೋಗಿದ್ದಾರೆ. ಅದಕ್ಕೂ ಮುಂಚಿನವರ ಹೆಸರು ಮಾತ್ರ ಮುದ್ರೆಯೊತ್ತಿದಂತೆ ಉಳಿದಿದೆ. ಆಜ್ಞೆ ಹೊಸ ಮಕ್ಕಳನ್ನು ಕಾಪಾಡಿತು, ಹಳಬರನ್ನು ಹಾಗೆಯೇ ಬಿಟ್ಟಿತು. ಇಟಲಿಯ ಈಗಿನ ನಾಗರಿಕ ನೋಂದಣಿ ನಿಯಮಗಳಲ್ಲೂ, 2000ದ ಇಸವಿಯವು ಅವು, ಹೆತ್ತವರು ತಿಳಿಯದ ಮಗುವಿಗೆ ಅದರ ಹುಟ್ಟನ್ನು ಬಯಲುಮಾಡುವ ಹೆಸರಿಡಕೂಡದು ಎಂಬ ಮಾತು ಸ್ಪಷ್ಟವಾಗಿದೆ.

ಕಾಲ ಕಳೆದಂತೆ ಕಳಂಕ ಸವೆಯಿತು. 1889ರಲ್ಲಿ ಇಟಲಿಯ ರಾಣಿ ಮಾರ್ಗರಿಟಾಳಿಗೆ ಟೊಮೆಟೊ, ಚೀಸು, ತುಳಸಿಯ ಜಾತಿಯ ಸೊಪ್ಪು ಹಾಕಿ ಪಿಜ್ಜಾ ಮಾಡಿಕೊಟ್ಟನೆಂದು ಪ್ರಸಿದ್ಧನಾದ ನೇಪಲ್ಸಿನ ಬಾಣಸಿಗನ ಹೆಸರು ರಫೇಲೆ ಎಸ್ಪೊಸಿಟೊ. ಆ ಕತೆಯ ವಿವರಗಳನ್ನು ಇತಿಹಾಸಕಾರರು ಈಗ ಅಷ್ಟಾಗಿ ನಂಬುವುದಿಲ್ಲ. ಆದರೆ ನಂಬಿದವರಾರೂ ಅಡುಗೆಯವನ ಹೆಸರಿನ ಹುಟ್ಟನ್ನು ಕೆದಕಲು ಹೋಗಲಿಲ್ಲ.

ಇನ್ನು ಹೆಸರು ಹಡಗು ಹತ್ತಿದ ಬಗೆ. 1861ರಲ್ಲಿ ಇಟಲಿ ಒಂದು ರಾಜ್ಯವಾದ ಮೇಲೆ ದಕ್ಷಿಣದ ರೈತರ ಪಾಡು ಹಸನಾಗಲಿಲ್ಲ. ತೆರಿಗೆ ಏರಿತು, ಭೂಮಿ ಜಮೀನ್ದಾರರ ಕೈಯಲ್ಲೇ ಉಳಿಯಿತು. 1876ರಿಂದ 1915ರ ನಡುವೆ ಇಟಲಿ ಬಿಟ್ಟವರು ಸುಮಾರು 1 ಕೋಟಿ 40 ಲಕ್ಷ. 1913ರ ಒಂದೇ ವರ್ಷದಲ್ಲಿ 8 ಲಕ್ಷ 70 ಸಾವಿರಕ್ಕೂ ಹೆಚ್ಚು. ಅವರಲ್ಲಿ ದುಡಿದು ಮರಳಿದವರೂ ಬಹಳ. ಎಲ್ಲರೂ ಎಲ್ಲ ಕಡೆಗೂ ಹೋಗಲಿಲ್ಲ ಎಂಬುದು ಮುಖ್ಯ. ಬ್ರೆಜಿಲ್‌ನ ದಕ್ಷಿಣದ ತುದಿಯಲ್ಲಿ ನೆಲೆಸಿದವರಲ್ಲಿ ಉತ್ತರ ಇಟಲಿಯ ವೆನೆಟೊ ಕಡೆಯವರೇ ಎದ್ದು ಕಾಣುತ್ತಾರೆ. ಅವರ ಮಾತು ಅಲ್ಲಿ ತಾಲಿಯಾನ್ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಅಮೆರಿಕದ ಪೂರ್ವ ಕರಾವಳಿಗೆ ಹೋದವರಲ್ಲಿ ದಕ್ಷಿಣದವರೇ ಹೆಚ್ಚು. ಎಸ್ಪೊಸಿಟೊ ನೇಪಲ್ಸ್ ಮತ್ತು ಅದರ ಸುತ್ತಲಿನ ಕಂಪಾನಿಯಾ ಸೀಮೆಯ ಹೆಸರು. ಆದ್ದರಿಂದ ಹೊರದೇಶದಲ್ಲಿ ಈ ಹೆಸರು ದಟ್ಟವಾಗಿರುವ ಊರನ್ನು ನಕಾಶೆಯಲ್ಲಿ ಗುರುತು ಮಾಡಿದರೆ, ಕಂಪಾನಿಯಾದವರು ಎಲ್ಲಿ ಇಳಿದರು ಎಂಬುದರ ನಕಾಶೆ ಸಿದ್ಧವಾಗುತ್ತದೆ. ಹೆಸರಿನ ಹಂಚಿಕೆಯಿಂದ ನಿಜಕ್ಕೂ ತಿಳಿಯಬಹುದಾದದ್ದು ಇದು.

ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರ ಇದಕ್ಕೆ ಒಳ್ಳೆಯ ಉದಾಹರಣೆ. ಅದೇ ಕಂಪಾನಿಯಾದ ಅಮಾಲ್ಫಿ ಕರಾವಳಿಯ ಪುಟ್ಟ ಊರುಗಳವರು ಒಬ್ಬರ ಹಿಂದೆ ಒಬ್ಬರು ಅಲ್ಲಿಗೆ ಹೋದರು. ಮೊದಲು ಹೋದವನು ಕಾರ್ಖಾನೆಯಲ್ಲಿ ಕೆಲಸ ಹಿಡಿದು ತಮ್ಮನನ್ನು ಕರೆಸಿಕೊಳ್ಳುವುದು, ತಮ್ಮ ನೆರೆಮನೆಯವನನ್ನು ಕರೆಸಿಕೊಳ್ಳುವುದು, ಹೀಗೆ ಒಂದು ಊರಿನ ಓಣಿಯೇ ಎದ್ದುಹೋಗಿ ಇನ್ನೊಂದು ಖಂಡದಲ್ಲಿ ಕೂತಿತು. ನ್ಯೂ ಹೇವನ್ನಿನ ಜನ ಇಂದಿಗೂ ಪಿಜ್ಜಾಕ್ಕೆ 'ಅಬೀಟ್ಸ್' ಎನ್ನುತ್ತಾರೆ, ನೇಪಲ್ಸಿನ ಕಡೆಯ ಉಚ್ಚಾರ ಅದು. 1924ರಲ್ಲಿ ಅಮೆರಿಕ ದೇಶವಾರು ಮಿತಿ ಹೇರಿ ಇಟಲಿಯವರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಅಮೆರಿಕದ ಎಸ್ಪೊಸಿಟೊಗಳಲ್ಲಿ ಬಹಳ ಮಂದಿ ಅದಕ್ಕೂ ಮುಂಚೆ ಬಂದವರ ಮೊಮ್ಮಕ್ಕಳು, ಮರಿಮಕ್ಕಳು.

ಈ ವಲಸೆಯ ಬಗ್ಗೆ ಹಬ್ಬಿರುವ ಒಂದು ಕಟ್ಟುಕತೆಯನ್ನು ಬಿಡಿಸಬೇಕು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಬಾಯಿ ತಿರುಗದ ಹೆಸರುಗಳನ್ನು ತಮಗೆ ತೋಚಿದಂತೆ ಬದಲಾಯಿಸಿದರು ಎಂಬುದು ಆ ಕತೆ, ಸಿನಿಮಾಗಳಲ್ಲಿಯೂ ಬಂದಿದೆ. ಅಲ್ಲಿ ನಡೆಯುತ್ತಿದ್ದದ್ದು ಬೇರೆ. ಹಡಗು ಹೊರಡುವ ಮೊದಲೇ ಪ್ರಯಾಣಿಕರ ಹೆಸರುಪಟ್ಟಿ ತಯಾರಾಗಿರುತ್ತಿತ್ತು. ನೇಪಲ್ಸಿನಲ್ಲಿ ಹತ್ತಿದವರ ಹೆಸರನ್ನು ಬರೆದವರಿಗೆ ಇಟಾಲಿಯನ್ ಹೆಸರು ಹೊಸದೇನಲ್ಲ. ದ್ವೀಪದ ತಪಾಸಣೆಯವರು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದರು, ಅಷ್ಟೆ. ಹೆಸರು ಬದಲಾದದ್ದು ಆಮೇಲೆ, ಶಾಲೆಯಲ್ಲಿ, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ, ಪೌರತ್ವದ ಅರ್ಜಿಯಲ್ಲಿ. ಅನೇಕ ಸಲ ಹೆಸರು ಹೊತ್ತವರೇ ಬಯಸಿ. ಎಸ್ಪೊಸಿಟೊಗೆ ಆದ ಬದಲಾವಣೆ ಹೆಚ್ಚಾಗಿ ನಾಲಿಗೆಯ ಮೇಲಿನದು. ಇಟಲಿಯಲ್ಲಿ ಒತ್ತು 'ಪೊ' ಮೇಲೆ, ಅಮೆರಿಕದಲ್ಲಿ ಅದು 'ಸಿ' ಮೇಲೆ ಜಾರಿತು.

ಕೆನಡಾದವರಿಗೆ ಎಸ್ಪೊಸಿಟೊ ಎಂದರೆ ಐಸ್ ಹಾಕಿ. ಒಂಟಾರಿಯೊದ ಸೂ ಸೇಂಟ್ ಮೇರಿ ಎಂಬ ಉಕ್ಕಿನ ಊರಿನ ಫಿಲ್ ಮತ್ತು ಟೋನಿ ಎಸ್ಪೊಸಿಟೊ ಅಣ್ಣತಮ್ಮಂದಿರು. ಅಣ್ಣ ಗೋಲು ಹೊಡೆಯುವವನು, ತಮ್ಮ ಗೋಲು ತಡೆಯುವವನು. ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗಿನಲ್ಲಿ ಒಂದೇ ಋತುವಿನಲ್ಲಿ 100 ಅಂಕ ದಾಟಿದ ಮೊದಲ ಆಟಗಾರ ಫಿಲ್, ಅದು 1968–69ರಲ್ಲಿ. ಇವರಿಗೂ ಜಿಯಾನ್‌ಕಾರ್ಲೊಗೂ ನೆಂಟಸ್ತಿಕೆ ಕಟ್ಟಲು ಹೆಸರೊಂದು ಸಾಲದು. ಆ ನಟ ಹುಟ್ಟಿದ್ದು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ತಂದೆ ಇಟಲಿಯವರು, ತಾಯಿ ಅಮೆರಿಕದ ಕಪ್ಪುಜನಾಂಗದ ಒಪೆರಾ ಗಾಯಕಿ.

ಹೆಸರು ಎಣಿಸುವವರು ಎಡವುವುದು ಅರ್ಜೆಂಟೀನಾದಲ್ಲಿ. ಅಲ್ಲಿಗೆ ಬಂದ ಇಟಾಲಿಯನ್ನರನ್ನು ಜನ 'ತಾನೊ' ಎಂದು ಕರೆದರು. ನಪೊಲಿತಾನೊ ಎಂಬುದರ ಬಾಲ ಅದು. ಎಲ್ಲಿಯವನಾದರೂ ಸರಿ, ಇಟಲಿಯವನು ನೇಪಲ್ಸಿನವನೇ. ಟ್ಯಾಂಗೊ ಸಂಗೀತದ ಆರಂಭದ ದಿನಗಳ ಬಂದೋನಿಯಾನ್ ವಾದಕ ಜೆನಾರೊ ಎಸ್ಪೊಸಿಟೊ 'ಎಲ್ ತಾನೊ ಜೆನಾರೊ' ಎಂದೇ ಹೆಸರಾದವನು. 2010ರಲ್ಲಿ ಆಸ್ಕರ್ ಗೆದ್ದ ಅರ್ಜೆಂಟೀನಾದ ಚಿತ್ರ 'ಎಲ್ ಸೆಕ್ರೆತೊ ದೆ ಸುಸ್ ಓಹೊಸ್'ನ ನಾಯಕನಿಗೂ ಎಸ್ಪೊಸಿಟೊ ಎಂದೇ ಹೆಸರು. ಇವೆಲ್ಲ ಸರಿ. ಆದರೆ ಅದೇ ಟ್ಯಾಂಗೊ ಲೋಕದಲ್ಲಿ 'ನರಾಂಹೊ ಎನ್ ಫ್ಲೋರ್' ಹಾಡಿನ ಕವಿ ಓಮೆರೊ ಎಕ್ಸ್‌ಪೊಸಿಟೊ ಮತ್ತು ಅದಕ್ಕೆ ರಾಗ ಕಟ್ಟಿದ ಅವನ ತಮ್ಮ ವಿರ್ಖಿಲಿಯೊ ಕೂಡ ಇದ್ದಾರೆ. ಇಲ್ಲಿ ಸಕಾರವಲ್ಲ, 'ಎಕ್ಸ್'. ಇವರ ಹೆಸರಿಗೂ ನೇಪಲ್ಸಿಗೂ ಸಂಬಂಧವಿಲ್ಲ. ಅವರ ತಂದೆ ಅನಾಥ ಮಕ್ಕಳ ಮನೆಯಲ್ಲಿ ಬೆಳೆದವರು; ಹೆಸರು ಬಂದದ್ದು ಅಲ್ಲಿಂದ.

ಸ್ಪೇನಿನ ಪದ್ಧತಿಯೂ ಅದೇ ಆಗಿತ್ತು, ಅದೇ ಲ್ಯಾಟಿನ್ ಮಾತಿನಿಂದ. ಸ್ಪೇನಿನ ವೈಸರಾಯ್ ವೆರ್ತಿಸ್ 1779ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಎಕ್ಸ್‌ಪೊಸಿಟೊ ಮಕ್ಕಳ ಮನೆಯನ್ನು ಸ್ಥಾಪಿಸಿದ. ಅದರ ಖರ್ಚಿಗೆ ದುಡ್ಡು ಹುಟ್ಟಿಸಲು, ಜೆಸ್ವಿಟರು ಕೊರ್ದೊಬಾದಲ್ಲಿ ಬಿಟ್ಟುಹೋಗಿದ್ದ ಮುದ್ರಣಯಂತ್ರವನ್ನು ತರಿಸಿ ಛಾಪಖಾನೆ ನಡೆಸಿದ. ಆ ನಗರದ ಮೊದಲ ಅಚ್ಚುಕೂಟ ಅನಾಥ ಕೂಸುಗಳ ಹಾಲಿಗಾಗಿ ದುಡಿಯಿತು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಇಟಲಿಯ ವಲಸಿಗರು ಗುಂಪುಗುಂಪಾಗಿ ಬರುವುದಕ್ಕೆ ಇದು ನೂರು ವರ್ಷ ಮೊದಲು. ಹೀಗೆ ಒಂದೇ ನಗರದ ದೂರವಾಣಿ ಪುಸ್ತಕದಲ್ಲಿ ಅಕ್ಕಪಕ್ಕ ಬರುವ ಎರಡು ಹೆಸರುಗಳಲ್ಲಿ ಒಂದು ಅಟ್ಲಾಂಟಿಕ್ ದಾಟಿ ಬಂದದ್ದು, ಇನ್ನೊಂದು ಅಲ್ಲೇ ನಾಲ್ಕು ಬೀದಿಯಾಚೆ ಹುಟ್ಟಿರಬಹುದಾದದ್ದು. ಗುಮಾಸ್ತನೊಬ್ಬ 'ಎಕ್ಸ್' ಬರೆಯುವಲ್ಲಿ 'ಎಸ್' ಬರೆದರೆ ಎರಡು ಇತಿಹಾಸಗಳು ಕಲಸಿಹೋದವು.

ಅಂತರ್ಜಾಲದಲ್ಲಿ 'ನಿಮ್ಮ ಮನೆತನದ ರಾಜಲಾಂಛನ' ಎಂದು ಚೌಕಟ್ಟು ಹಾಕಿ ಮಾರುವ ಅಂಗಡಿಗಳಿವೆ. ಎಸ್ಪೊಸಿಟೊಗೂ ಸಿಂಹವೋ ಗುರಾಣಿಯೋ ಸಿಗುತ್ತದೆ. ಗೋಡೆಯ ಕಿಂಡಿಯಲ್ಲಿ ಬಿಟ್ಟುಹೋದ ಸಾವಿರಾರು ಕೂಸುಗಳಿಗೆಲ್ಲ ಒಂದು ರಾಜಲಾಂಛನ ಕೊಡುವುದು ವ್ಯಾಪಾರವೇ ಹೊರತು ಇತಿಹಾಸವಲ್ಲ. ಯಾವ ದೇಶದಲ್ಲಿ ಎಷ್ಟು ಎಸ್ಪೊಸಿಟೊಗಳಿದ್ದಾರೆಂದು ಬಣ್ಣ ತುಂಬಿದ ನಕಾಶೆಗಳಿಂದ ವಲಸೆಯ ದಾರಿ ತಿಳಿಯುತ್ತದೆ, ರಕ್ತಸಂಬಂಧ ತಿಳಿಯುವುದಿಲ್ಲ. ಇಬ್ಬರು ಎಸ್ಪೊಸಿಟೊಗಳು ಪರಸ್ಪರ ನೆಂಟರಾಗಿರುವ ಸಾಧ್ಯತೆ ಅವರ ಹೆಸರು ಬೇರೆ ಬೇರೆಯಾಗಿದ್ದರೆ ಎಷ್ಟಿತ್ತೋ ಅದಕ್ಕಿಂತ ಬಹಳ ಹೆಚ್ಚೇನಲ್ಲ.

ಹಾಗಾದರೆ ಮೂಲ ಹುಡುಕುವವರು ಏನು ಮಾಡಬೇಕು? ಹೆಸರನ್ನು ಬದಿಗಿಟ್ಟು ಊರನ್ನು ಹಿಡಿಯಬೇಕು. ಹಡಗಿನ ಪಟ್ಟಿಯಲ್ಲಿ, ಪೌರತ್ವದ ಅರ್ಜಿಯಲ್ಲಿ, ಹಳೆಯ ಮದುವೆ ಪತ್ರದಲ್ಲಿ ಅಜ್ಜನ ಊರಿನ ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ನೇಪಲ್ಸಿನ ರಾಜ್ಯದಲ್ಲಿ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ 1809ರಲ್ಲೇ ಶುರುವಾಗಿತ್ತು. ಅದರಿಂದ ತಲೆಮಾರು ತಲೆಮಾರಾಗಿ ಹಿಂದಕ್ಕೆ ಹೋಗಬಹುದು. ಇಟಲಿಯ ಪೌರತ್ವ ಬೇಡುವ ಹೊರದೇಶದವರಿಗೂ ಇದೇ ದಾರಿ. 2025ರಲ್ಲಿ ಕಾನೂನು ಬಿಗಿಯಾದ ಮೇಲೆ ಸಾಮಾನ್ಯವಾಗಿ ತಂದೆತಾಯಿ ಇಲ್ಲವೇ ಅಜ್ಜ ಅಜ್ಜಿಯ ತಲೆಮಾರಿನವರೆಗಿನ ಸಂಬಂಧಕ್ಕಷ್ಟೇ ಅಲ್ಲಿ ಬೆಲೆ. ಅದಕ್ಕೂ ಜನನ ಪತ್ರ, ಮದುವೆ ಪತ್ರ ತೋರಿಸಬೇಕು. ಇಟಾಲಿಯನ್ ಅಡ್ಡಹೆಸರಿಗೆ ಅರ್ಜಿಯಲ್ಲಿ ಅಂಕವಿಲ್ಲ.