ಗಣಿಯ ಹೊಂಡಕ್ಕೆ ಸರೋವರವೆಂಬ ಹೆಸರು

ಕಳೆದ ಚಳಿಗಾಲದ ಒಂದು ಭಾನುವಾರ ನಾವು ಕೆಲವು ಕನ್ನಡ ಕುಟುಂಬದವರು ಬುತ್ತಿ ಕಟ್ಟಿಕೊಂಡು ದಕ್ಷಿಣ ದಿಲ್ಲಿಯ ಅಸೋಲಾ-ಭಾಟಿ ಅಭಯಾರಣ್ಯಕ್ಕೆ ಹೋಗಿದ್ದೆವು. ಅಲ್ಲಿ 'ನೀಲಿ ಝೀಲ್' ಎಂದು ಜನ ಕರೆಯುವ ನೀರಿನ ಹರವನ್ನು ಮೇಲಿನ ಬಂಡೆಯ ಮೇಲೆ ನಿಂತು ನೋಡಿದೆವು. ಮನಸಾರೆ ಚಿತ್ರಗಳನ್ನು ತೆಗೆದೆವು. ಮುಂದೆ ನಮ್ಮವರ ಛಾಯಾಚಿತ್ರ ಪ್ರದರ್ಶನದಲ್ಲಿ ಅವುಗಳಲ್ಲೊಂದಕ್ಕೆ 'ಪ್ರಕೃತಿಮಾತೆಯ ನೀಲ ನಯನ' ಎಂಬ ಹೆಸರಿನೊಡನೆ ಬಹುಮಾನವೂ ಬಂತು. ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು. ಆ ಚಪ್ಪಾಳೆಯನ್ನು ಈಗ ಹಿಂದಕ್ಕೆ ಪಡೆಯಬೇಕೆಂದಿದ್ದೇವೆ.

ಏಕೆಂದರೆ ಅದು ಪ್ರಕೃತಿಮಾತೆಯ ಕಣ್ಣಲ್ಲ, ಕಣ್ಣು ಕಿತ್ತ ಗುಳಿ. ಭಾಟಿಯಲ್ಲಿ ದಶಕಗಳ ಕಾಲ ಕಲ್ಲು ಮತ್ತು ಬದರಪುರ ಮರಳನ್ನು ಅಗೆದರು. ದಿಲ್ಲಿಯ ಮನೆಗಳಿಗೆ ಗಾರೆಯಾದದ್ದು ಆ ಮರಳೇ. ಅಗೆದವರಲ್ಲಿ ಬಹುಮಂದಿ ಓಡ್ ಜನಾಂಗದ ಬಡ ಕೂಲಿಗಳು. 1990ರಲ್ಲಿ ಗಣಿ ನಿಂತಿತು; 1991ರಲ್ಲಿ ಆ ಪ್ರದೇಶ ಅಭಯಾರಣ್ಯಕ್ಕೆ ಸೇರಿತು. ಉಳಿದ ಹೊಂಡದಲ್ಲಿ ನಿಂತ ನೀರೇ ನಾವು ಮೆಚ್ಚಿದ ಸರೋವರ! ಫರೀದಾಬಾದ್ ಕಡೆಯ ಗುಡ್ಡಗಳಲ್ಲಿ ಯುವಕರು ಚಾರಣ ಮಾಡಿ ಚಿತ್ರ ತೆಗೆಯುವ ಭಾರದ್ವಾಜ್ ಲೇಕ್ ಕೂಡ ಇದೇ ಕುಲದ್ದು. ನೆಲದಡಿಯಲ್ಲಿ ಇರಬೇಕಾದ ನೀರು ಬಿಸಿಲಿಗೆ ಬಿದ್ದು ಆವಿಯಾಗುತ್ತಿರುವುದನ್ನು ನಾವು ಸೌಂದರ್ಯವೆನ್ನುತ್ತಿದ್ದೇವೆ.

'ಚಿತ್ರ ಚೆನ್ನಾಗಿದ್ದರೆ ಸಾಲದೆ? ಹವ್ಯಾಸಕ್ಕೂ ಇಷ್ಟು ಜಾತಕ ನೋಡಬೇಕೆ?' ಎಂದು ಮಿತ್ರರು ಕೇಳುತ್ತಾರೆ. ನೋಡಲೇಬೇಕು. ಕೆರೆಗೆ ಇಳಿಜಾರಾದ ದಡವಿರುತ್ತದೆ. ಗಣಿಯ ಹೊಂಡಕ್ಕೆ ಇರುವುದಿಲ್ಲ. ಒಂದು ಹೆಜ್ಜೆ ತಪ್ಪಿದರೆ ಆಳವೇ. ಅರಾವಳಿಯ ಈ ಹೊಂಡಗಳಲ್ಲಿ ಈಜಲು ಇಳಿದ ಹುಡುಗರು ಮುಳುಗಿ ಸತ್ತ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ! ಆ ಹುಡುಗರನ್ನು ಅಲ್ಲಿಗೆ ಕರೆದವು ಯಾರ ಚಿತ್ರಗಳು?

ಈ ರೋಗ ದಿಲ್ಲಿಗೆ ಮಾತ್ರ ಸೀಮಿತವಲ್ಲ. ಊರಿಗೆ ಹೋದಾಗ ಕುದುರೆಮುಖಕ್ಕೆ ಹೋಗಿ ಲಕ್ಯಾ ಅಣೆಕಟ್ಟಿನ ಹಿನ್ನೆಲೆಯಲ್ಲಿ ಹಸುರು ಬೆಟ್ಟಗಳ ಚಿತ್ರ ತೆಗೆದು ತಂದವರು ನಮ್ಮಲ್ಲೇ ಇದ್ದಾರೆ. ಆ ಅಣೆಕಟ್ಟು ಕಟ್ಟಿದ್ದು ಬೇಸಾಯಕ್ಕಲ್ಲ, ಅದಿರು ತೆಗೆದು ಮಿಕ್ಕ ಕೆಸರನ್ನು ತುಂಬಿಡುವುದಕ್ಕೆ. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಅಲ್ಲಿಯ ಗಣಿ ನಿಂತಿತು. ಕೆಸರು ಮಾತ್ರ ಅಲ್ಲೇ ಇದೆ. ಸಂಡೂರಿನ ಬೆಟ್ಟಗಳ ಗತಿ ನೆನೆದರಂತೂ, 2011ರಲ್ಲಿ ನ್ಯಾಯಾಲಯ ಬಳ್ಳಾರಿಯ ಗಣಿಗಳನ್ನು ನಿಲ್ಲಿಸುವ ಮುಂಚಿನ ಆ ಕೆಂಧೂಳಿನ ವರ್ಷಗಳನ್ನು ಕನ್ನಡಿಗನಾದವನು ಮರೆಯಲಾರ.

ಕ್ಯಾಮರಾ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ನಿಜ, ಸುಳ್ಳು ಹೇಳುವವರು ನಾವು. ಗುಡ್ಡದ ನೆತ್ತಿಯಲ್ಲಿ ನಿಂತು ಎಡಕ್ಕಿರುವ ಕ್ರಷರನ್ನು, ಬಲಕ್ಕಿರುವ ಕಸದ ರಾಶಿಯನ್ನು ಚೌಕಟ್ಟಿನಿಂದ ಹೊರಗಿಟ್ಟು ನಡುವಿನ ಒಂದು ಗೇಣು ಹಸುರನ್ನು 'ಅರಾವಳಿಯ ಚೆಲುವು' ಎನ್ನುತ್ತೇವೆ. ಸಾವಿರಾರು ಚಿತ್ರಗಳು ಹೀಗೆ ಕೂಡಿದಾಗ ಎಲ್ಲವೂ ಸುಖವಾಗಿದೆಯೆಂಬ ಭ್ರಮೆ ಹುಟ್ಟುತ್ತದೆ.

ಇತ್ತ ಆಗುತ್ತಿರುವುದೇನು? ರಾಜಸ್ಥಾನದಲ್ಲಿ ಅರಾವಳಿಯ 31 ಗುಡ್ಡಗಳು ಕಾಣೆಯಾಗಿವೆಯೆಂಬ ವರದಿ 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಗುಡ್ಡ ಹೊತ್ತು ಓಡಲು ಜನರೇನು ಹನುಮಂತರಾದರೇ ಎಂಬರ್ಥದಲ್ಲಿ ನ್ಯಾಯಪೀಠ ಕೇಳಿತು. 2025ರ ನವೆಂಬರಿನಲ್ಲಿ ಅದೇ ನ್ಯಾಯಾಲಯ, ಸುತ್ತಲ ನೆಲಕ್ಕಿಂತ 100 ಮೀಟರ್ ಎತ್ತರವಿದ್ದುದೇ ಅರಾವಳಿಯ ಬೆಟ್ಟವೆಂಬ ವ್ಯಾಖ್ಯೆಯನ್ನು ಒಪ್ಪಿತು. ಗದ್ದಲವೆದ್ದ ಮೇಲೆ ಡಿಸೆಂಬರಿನಲ್ಲಿ ತನ್ನ ಆ ಆದೇಶಕ್ಕೆ ತಾನೇ ತಡೆ ಹಾಕಿತು. ಆ ಅಳತೆಗೋಲು ಹಿಡಿದರೆ ರಾಷ್ಟ್ರಪತಿ ಭವನ ನಿಂತಿರುವ ರೈಸಿನಾ ಗುಡ್ಡವೂ ಗುಡ್ಡವಲ್ಲ! ಫೈಲಿನಲ್ಲಿ ಒಂದು ವ್ಯಾಖ್ಯೆ ಬದಲಾದರೆ ಹೊರಗೆ ಏನೇನು ಬದಲಾಗುತ್ತದೆಂಬುದನ್ನು ಗುಮಾಸ್ತೆಯ ಕುರ್ಚಿಯಲ್ಲಿ ಕೂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ ಗುಡ್ಡದ ಮೇಲಿನಿಂದ ತೆಗೆದ ಚಿತ್ರ ಬರಿಯ ಅಲಂಕಾರವಲ್ಲ, ಅದು ಸಾಕ್ಷಿ. ಕಾಣೆಯಾದ ಆ 31 ಗುಡ್ಡಗಳ ಚಿತ್ರವನ್ನು ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಂತು ಯಾರಾದರೂ ತೆಗೆದಿದ್ದರೆ, ಯಾವ ವರ್ಷ ಯಾವ ಗುಡ್ಡ ಎಷ್ಟು ಕರಗಿತೆಂದು ಒಂದು ಮಗುವೂ ಬೆರಳಿಟ್ಟು ತೋರಿಸಬಹುದಿತ್ತು.

ಆದ್ದರಿಂದ ನಮ್ಮ ಸಂಘದವರಲ್ಲಿ ಎರಡು ಬಿನ್ನಹಗಳಿವೆ. ಮೊದಲನೆಯದು, ಸ್ಥಳ, ದಿನಾಂಕ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು, ಎದುರಿಗಿರುವುದು ಕೆರೆಯೋ ಗಣಿಯೋ ಎಂಬ ವಿವರವಿಲ್ಲದ ಯಾವ ನಿಸರ್ಗಚಿತ್ರವನ್ನೂ ಪ್ರದರ್ಶನಕ್ಕೆ ಸ್ವೀಕರಿಸಬಾರದು. ಎರಡನೆಯದು, ಅಸೋಲಾದ ಅದೇ ಬಂಡೆಯ ಮೇಲೆ, ಅದೇ ತಿಂಗಳಲ್ಲಿ, ಪ್ರತಿ ವರ್ಷ ನಮ್ಮಲ್ಲೊಬ್ಬರು ನಿಂತು ಒಂದು ಚಿತ್ರ ತೆಗೆಯಲಿ. ಎಲ್ಲವನ್ನೂ ಸಾಲಾಗಿ ತೂಗುಹಾಕೋಣ. ಅದಕ್ಕೆ ಬಹುಮಾನ ಬೇಡ.

ಹಿಮಾಲಯಕ್ಕೆ ಹೋಗಿ ಚಿತ್ರ ತರುವವರನ್ನು ನಾವು ತಡೆಯುವುದಿಲ್ಲ. ಆದರೆ ಹಿಮಾಲಯಕ್ಕಿಂತ ಎಷ್ಟೋ ಪಾಲು ಹಳೆಯದಾದ ಮುದಿ ಬೆಟ್ಟವೊಂದು ನಮ್ಮ ಹಿತ್ತಲಲ್ಲೇ ಪ್ರಾಣ ಬಿಡುತ್ತಿದೆ. ಅದರ ಮೇಲೆ ನಿಂತು ಚಿತ್ರ ತೆಗೆಯುವ ನಾವು ಕಡೆಯ ಪಕ್ಷ ಅದರ ಗಾಯವನ್ನು ಗಾಯವೆಂದು ಕರೆಯೋಣ.